2006ರ ಇಂಡಿಕಾ: ರಾತ್ರಿ ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ, ಏನು ಮಾಡಲಿ?

ತಬಲಾ ಮಾಸ್ತರ್, ಗದಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2006ರ ಇಂಡಿಕಾ ವಿ2 ಇದೆ, ಡೀಸೆಲ್. ಇಂಜಿನ್ ಇನ್ನೂ ಗಟ್ಟಿಯಾಗಿದೆ. ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ತೊಂದರೆ ಒಂದೇ, ರಾತ್ರಿ ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ. ಮೊದಲ ಎಂಟು-ಹತ್ತು ವರ್ಷ ಈ ಚಿಂತೆಯೇ ಇರಲಿಲ್ಲ.

ನಾನು ಗದಗಿನಲ್ಲಿ ಮಕ್ಕಳಿಗೆ ತಬಲಾ ಕಲಿಸುತ್ತೇನೆ. ಜಾತ್ರೆ, ಸಪ್ತಾಹ, ಸಂಗೀತ ಸಭೆ ಎಂದು ಸುತ್ತಲಿನ ಊರುಗಳಿಂದ ಕರೆ ಬಂದರೆ ಸಾಥ್ ಕೊಡಲು ಹೋಗುತ್ತೇನೆ. ಭೈರವಿ ಹಾಡಿ ಮುಗಿಸುವಷ್ಟರಲ್ಲಿ ರಾತ್ರಿ ಒಂದು ಗಂಟೆ ಆಗಿರುತ್ತದೆ. ಅಲ್ಲೇ ಊಟ ಮಾಡಿ ಗದಗಿನ ದಾರಿ ಹಿಡಿಯುತ್ತೇವೆ.

ಹೋದ ವಾರ ಲಕ್ಷ್ಮೇಶ್ವರದಿಂದ ಬರುತ್ತಿದ್ದೆ. ಮುಳಗುಂದ ಇನ್ನೂ ನಾಲ್ಕೈದು ಕಿಲೋಮೀಟರ್ ಇತ್ತು. ಎದುರಿಗೆ ಒಂದು ಲಾರಿ ಹೈ ಬೀಮ್ ಹಾಕಿಕೊಂಡು ಬಂತು. ಅದು ದಾಟಿದ ಮೇಲೆ ಮುಂದೆ ಏನೂ ಕಾಣಲಿಲ್ಲ, ಬರೀ ಕತ್ತಲು. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮುಂದೆ ಒಂದು ಗೋಡೆ ಇದ್ದ ಹಾಗೆ ಕಂಡಿತು. ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ಲೈಟ್ ಇಲ್ಲ, ರೇಡಿಯಂ ಪಟ್ಟಿ ಕೂಡ ಇಲ್ಲ. ಬ್ರೇಕ್ ಒತ್ತಿ ಹಿಡಿದೆ. ಹಿಂದಿನ ಸೀಟಿನ ಮೇಲಿದ್ದ ಡಗ್ಗಾ ಉರುಳಿ ಕೆಳಗೆ ಬಿತ್ತು. ಗಾಡಿ ನಿಂತಾಗ ಬಾನೆಟ್‌ಗೂ ಕಣಿಕೆಗೂ ನಡುವೆ ಎರಡು ಮಾರು ಜಾಗ ಇತ್ತು, ಅಷ್ಟೇ. ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರು ಕೂತಿದ್ದರು. ಎಪ್ಪತ್ತು ದಾಟಿದವರು. ಗದಗ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ "ಲೈಟ್ ಮಾಡಿಸಪ್ಪಾ ಮೊದಲು" ಎಂದರು. ಅವತ್ತಿನಿಂದ ರಾತ್ರಿ ಗಾಡಿ ತೆಗೆದಿಲ್ಲ. ಎರಡು ಕಾರ್ಯಕ್ರಮ ಬಿಟ್ಟೆ.

ನಾನು ಗಮನಿಸಿದ್ದು ಇಷ್ಟು. ಎಡಗಡೆ ಲೈಟ್ ಬಲಗಡೆಗಿಂತ ಹಳದಿಯಾಗಿ, ಮಂದವಾಗಿ ಉರಿಯುತ್ತದೆ. ಬಲ್ಬ್ ಎರಡೂ ಹೊಸದು ಹಾಕಿದೆ, ಅದೇ ಕಂಪನಿ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55). ಏನೂ ವ್ಯತ್ಯಾಸ ಆಗಲಿಲ್ಲ. ಹೆಡ್‌ಲೈಟ್ ಮೇಲಿನ ಪ್ಲಾಸ್ಟಿಕ್ ಕವರ್ ಹಳದಿ ಕಟ್ಟಿದೆ, ಮೇಲ್ಭಾಗದಲ್ಲಿ ಜಾಸ್ತಿ. ಒಂದು ಅಂಗಡಿಯಲ್ಲಿ 2,800 ರೂಪಾಯಿಗೆ ಎಲ್‌ಇಡಿ ಹಾಕುತ್ತೇವೆ ಎಂದರು. ಇನ್ನೊಂದು ಕಡೆ 100/90 ವ್ಯಾಟ್ ಬಲ್ಬ್ ಹಾಕಿಸಿ ಎಂದರು. ಯಾವುದನ್ನು ನಂಬಲಿ? ಹೊಸ ಕಾರು ಸದ್ಯಕ್ಕೆ ಆಗುವ ಮಾತಲ್ಲ. ತಿಳಿದವರು ದಯವಿಟ್ಟು ಹೇಳಿ.

ನವನಗರದ ಹುಡುಗ

ಸರ್, ಎಲ್‌ಇಡಿ ಹಾಕಿಸಿ. ನಾನು ನನ್ನ ಸ್ವಿಫ್ಟ್‌ಗೆ ಹಾಕಿಸಿ ಒಂದು ವರ್ಷ ಆಯಿತು. ಹಾಲು ಚೆಲ್ಲಿದ ಹಾಗೆ ಬೆಳಕು. ಹುಬ್ಬಳ್ಳಿ–ಧಾರವಾಡ ದಿನಾ ಓಡಾಡುತ್ತೇನೆ, ಒಂದು ದಿನವೂ ತೊಂದರೆ ಆಗಿಲ್ಲ.

ವೈರಿಂಗ್ ಕೆಲಸದವ, ಹುಬ್ಬಳ್ಳಿ

ಮಾಸ್ತರ್, ನಮಸ್ಕಾರ. ಪಿ.ಬಿ. ರೋಡ್ ಕಡೆ 23 ವರ್ಷದಿಂದ ಗಾಡಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಹೊಸ ಬಲ್ಬ್ ಹಾಕಿದರೂ ಬದಲಾಗಲಿಲ್ಲ, ಎಡಗಡೆ ಮಾತ್ರ ಹಳದಿ ಎಂದಿರಿ. ಅಂದರೆ ತಪ್ಪು ಬಲ್ಬಿನದಲ್ಲ. ಬಲ್ಬಿಗೆ ಕರೆಂಟ್ ಪೂರ್ತಿ ಹೋಗುತ್ತಿಲ್ಲ. ದಯವಿಟ್ಟು ಇನ್ನು ಒಂದು ರೂಪಾಯಿಯ ಸಾಮಾನೂ ತೆಗೆದುಕೊಳ್ಳಬೇಡಿ, ಮೊದಲು ಅಳತೆ ಮಾಡೋಣ.

ಹ್ಯಾಲೊಜೆನ್ ಬಲ್ಬಿನ ಸ್ವಭಾವ ಹೀಗಿದೆ. ವೋಲ್ಟೇಜ್ ಸ್ವಲ್ಪ ಕಡಿಮೆಯಾದರೆ ಬೆಳಕು ತುಂಬಾ ಕಡಿಮೆಯಾಗುತ್ತದೆ. ಬಲ್ಬ್ ಮಾಡುವವರು ಅದರ ಬೆಳಕನ್ನು ಅಳೆಯುವುದು 13.2 ವೋಲ್ಟ್‌ನಲ್ಲಿ. ಅಲ್ಲಿಂದ ನೂರಕ್ಕೆ 10 ವೋಲ್ಟೇಜ್ ಇಳಿದರೆ ಬೆಳಕು ನೂರಕ್ಕೆ 30 ಇಳಿಯುತ್ತದೆ. 15 ಇಳಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಬಣ್ಣವೂ ಹಳದಿಯಾಗುತ್ತದೆ. ಲಾಟೀನಿನ ಬತ್ತಿ ಇಳಿಸಿದ ಹಾಗೆ.

ಹಳೆಯ ಗಾಡಿಯಲ್ಲಿ ಈ ವೋಲ್ಟೇಜ್ ಎಲ್ಲಿ ಸೋರುತ್ತದೆ? ಬ್ಯಾಟರಿಯಿಂದ ಹೊರಟ ಕರೆಂಟ್ ಸ್ಟೇರಿಂಗ್ ಕೆಳಗಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ತಿರುಗಿ ಮುಂದಿನ ಲೈಟಿಗೆ ಹೋಗಬೇಕು. ದಾರಿ ಉದ್ದ, ವೈರ್ ಸಣ್ಣದು. ನಡುವೆ ವೈರಿಗೆ ವೈರ್ ಜೋಡಿಸುವ ನಾಲ್ಕೈದು ಕಪ್ಲರ್. ಎರಡು 55 ವ್ಯಾಟ್ ಬಲ್ಬ್ ಸೇರಿ 9 ಆಂಪಿಯರ್ ಎಳೆಯುತ್ತವೆ. ಇಪ್ಪತ್ತು ವರ್ಷದ ಕಪ್ಲರ್ ಒಳಗೆ ಕಿಲುಬು ಕಟ್ಟಿರುತ್ತದೆ, ಸ್ವಿಚ್ಚಿನ ಪಾಯಿಂಟ್ ಕರಿ ಹಿಡಿದಿರುತ್ತದೆ. ಒಂದೊಂದು ಕಡೆ ಅರ್ಧ ಅರ್ಧ ವೋಲ್ಟ್ ಹೋಯಿತು ಎಂದುಕೊಳ್ಳಿ, ಕೊನೆಗೆ ಬಲ್ಬಿಗೆ ಉಳಿಯುವುದು ಎಷ್ಟು? ಅರ್ಥಿಂಗ್, ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದನ್ನಂತೂ ಯಾರೂ ನೋಡುವುದೇ ಇಲ್ಲ. ನಮ್ಮ ಕಡೆ ಎರೆಮಣ್ಣು. ಮಳೆಗಾಲದಲ್ಲಿ ಬಂಪರ್ ಒಳಗೆ ಮೆತ್ತಿಕೊಂಡ ಕೆಸರು ಬೇಸಿಗೆವರೆಗೂ ಅಲ್ಲೇ ಇರುತ್ತದೆ. ಅರ್ಥ್ ನಟ್ಟು ಅದರೊಳಗೇ ತುಕ್ಕು ಹಿಡಿಯುತ್ತದೆ. ನಿಮ್ಮ ಎಡಗಡೆ ಲೈಟಿನ ಮೇಲೆ ನನಗೆ ಇದೇ ಅನುಮಾನ.

ಒಂದು ಮಲ್ಟಿಮೀಟರ್ ಬೇಕು, ಸಾದಾ ಡಿಜಿಟಲ್ ಆದರೆ ಸಾಕು. ಇಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಸ್ವಲ್ಪ ರೇಸ್ ಹಿಡಿಯಲು ಒಬ್ಬರನ್ನು ಕೂರಿಸಿ. ಮೊದಲು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.4ರ ಒಳಗೆ ಬಂದರೆ ಡೈನಮೋ ಸರಿ ಇದೆ. ಆಮೇಲೆ ಬಲ್ಬಿನ ಹಿಂದೆ, ಹೋಲ್ಡರ್ ತೆಗೆಯದೆ, ಬಲ್ಬ್ ಉರಿಯುತ್ತಿರುವಾಗಲೇ ಹಿಂಬದಿಯಿಂದ ಮೀಟರ್ ಕಡ್ಡಿ ತೂರಿಸಿ ಅಳೆಯಿರಿ. ಹೋಲ್ಡರ್ ಬಿಚ್ಚಿ ಅಳೆದರೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಅದನ್ನು ನಂಬಬೇಡಿ. ಕರೆಂಟ್ ಹರಿಯುವಾಗ ಮಾತ್ರ ಸೋರಿಕೆ ಕಾಣುತ್ತದೆ. ಕೊನೆಗೆ ಕರಿ ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿ ಬಲ್ಬಿನ ಅರ್ಥ್ ಪಿನ್ ಮೇಲೆ ಇಡಿ. ಅಲ್ಲಿ ಸೊನ್ನೆಗೆ ಹತ್ತಿರ ಬರಬೇಕು. ಬಾರದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

100/90 ಬಲ್ಬ್ ಬೇಡವೇ ಬೇಡ. 9 ಆಂಪಿಯರ್ ಹೊರಲು ಆಗದ ವೈರಿಗೆ 15 ಆಂಪಿಯರ್ ಹೊರಿಸಿದಂತೆ. ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ, ಕರಗಿ, ಬಲ್ಬಿಗೆ ಅಂಟಿಕೊಂಡ ಗಾಡಿಗಳು ವಾರಕ್ಕೊಂದಾದರೂ ನನ್ನ ಹತ್ತಿರ ಬರುತ್ತವೆ.

ನವನಗರದ ತಮ್ಮನಿಗೆ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಪ್ಪಾ. ಹ್ಯಾಲೊಜೆನ್ ಹೆಡ್‌ಲೈಟಿನ ರಿಫ್ಲೆಕ್ಟರ್ ಮಾಡಿರುವುದು ಸಣ್ಣ ಫಿಲಮೆಂಟ್ ಒಂದೇ ಜಾಗದಲ್ಲಿ ಉರಿಯುತ್ತದೆ ಎಂಬ ಲೆಕ್ಕದಲ್ಲಿ. ಎಚ್4 ಬಲ್ಬಿನಲ್ಲಿ, ಅಂದರೆ ಲೋ, ಹೈ ಎರಡೂ ಒಂದರಲ್ಲೇ ಇರುವ ಬಲ್ಬಿನಲ್ಲಿ, ಲೋ ಬೀಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ, ನೋಡಿರಬಹುದು. ಬೆಳಕು ಎದುರಿನವರ ಕಣ್ಣಿಗೆ ಏಳದಂತೆ ತಡೆಯುವುದು ಅದೇ. ಅಂಗಡಿಯ ಎಲ್‌ಇಡಿ ಬಲ್ಬಿನಲ್ಲಿ ಚಿಪ್ ಆ ಜಾಗಕ್ಕೆ ಸರಿಯಾಗಿ ಕೂರುವುದೇ ಅಪರೂಪ, ಬೆಳಕು ಎಲ್ಲಾ ಕಡೆ ಚೆಲ್ಲುತ್ತದೆ. ನಿನಗೆ ಗಾಡಿಯ ಮುಂದೆ ಹಾಲು ಚೆಲ್ಲಿದ ಹಾಗೆ ಕಂಡಿದ್ದು ಅದಕ್ಕೇ. ಹತ್ತಿರ ಅಷ್ಟು ಬೆಳಗಿದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದೂರದ್ದು ಇನ್ನೂ ಕಡಿಮೆ ಕಾಣುತ್ತದೆ. ಎದುರು ಬರುವವನಿಗಂತೂ ಕುರುಡು ಬಡಿಯುತ್ತದೆ. ಮಾಸ್ತರ್‌ಗೆ ಆ ಲಾರಿಯಿಂದ ಆದದ್ದು ಅದೇ ಅಲ್ವಾ? ಕಂಪನಿ ಕೊಟ್ಟ ಲೈಟ್ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಬರುತ್ತದೆ, ಅದೂ ಗೊತ್ತಿರಲಿ.

ತಬಲಾ ಮಾಸ್ತರ್, ಗದಗ

ಅಣ್ಣಾವ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ನನ್ನ ಶಿಷ್ಯನೊಬ್ಬ ಐಟಿಐ ಓದುತ್ತಿದ್ದಾನೆ, ಅವನ ಮೀಟರ್ ತರಿಸಿದೆ. ಇಬ್ಬರೂ ಸೇರಿ ನಿನ್ನೆ ಸಂಜೆ ಅಳೆದೆವು.

ಬ್ಯಾಟರಿ ಮೇಲೆ 14.0. ಬಲಗಡೆ ಬಲ್ಬಿನಲ್ಲಿ 12.1. ಎಡಗಡೆ 11.2. ಅರ್ಥ್ ಪಿನ್ ನೋಡಿದಾಗ ಬಲಗಡೆ 0.4, ಎಡಗಡೆ 1.3. ಮೂರು ಸಲ ಅಳೆದೆವು, ಅದೇ ಬಂತು. ಲಯ ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತಿದ್ದವನಿಗೆ ತಾಳದ ಮಾತ್ರೆ ಸಿಕ್ಕ ಹಾಗಾಯಿತು. ಈಗ ಏನು ಮಾಡಬೇಕು?

ವೈರಿಂಗ್ ಕೆಲಸದವ, ಹುಬ್ಬಳ್ಳಿ

ಮಾಸ್ತರ್, ಚೆನ್ನಾಗಿ ಅಳೆದಿದ್ದೀರಿ. ಲೆಕ್ಕ ನೋಡಿ. ಎಡಗಡೆ ಒಟ್ಟು 2.8 ವೋಲ್ಟ್ ಹೋಗಿದೆ. ಅದರಲ್ಲಿ 1.3 ಅರ್ಥಿನಲ್ಲಿ, ಉಳಿದ 1.5 ಪ್ಲಸ್ ದಾರಿಯಲ್ಲಿ. ಬಲಗಡೆಯೂ ಪ್ಲಸ್ ದಾರಿಯಲ್ಲಿ 1.5 ಹೋಗಿದೆ. ಎರಡೂ ಕಡೆ ಒಂದೇ ಬಂದಿದೆ ಎಂದರೆ ಅದು ಎರಡಕ್ಕೂ ಸೇರಿದ ಸ್ವಿಚ್ ಮತ್ತು ಮೇನ್ ವೈರ್ ಕಡೆಯದು. 11.2 ವೋಲ್ಟ್‌ಗೆ ಎಡಗಡೆ ಬಲ್ಬ್ ಕೊಡುತ್ತಿರುವುದು ತನ್ನ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬಲಗಡೆ ಮುಕ್ಕಾಲು. ನೀವು ಇಷ್ಟು ದಿನ ಒಂದೂಕಾಲು ಲೈಟಿನಲ್ಲಿ ಗಾಡಿ ಓಡಿಸಿದ್ದೀರಿ.

ಮೊದಲು ಅರ್ಥ್. ಎಡಗಡೆ ಲೈಟಿನ ಹಿಂದೆ ಕಪ್ಪು ವೈರ್ ಬಾಡಿಗೆ ಕೂತಿರುವ ನಟ್ಟು ಹುಡುಕಿ. ಬಿಚ್ಚಿ, ತಗಡು ಹೊಳೆಯುವವರೆಗೆ ಎಮ್ರಿ ಪೇಪರ್‌ನಿಂದ ಉಜ್ಜಿ. ವೈರಿನ ತುದಿಯ ಲೋಹದ ಬಳೆ, ಅಂದರೆ ಥಿಂಬಲ್, ಹಳೆಯದಾಗಿದ್ದರೆ ಹೊಸದು ಹಾಕಿ. ಬಿಗಿ ಮಾಡಿದ ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಬಲಗಡೆಗೂ ಇದೇ ಕೆಲಸ. ಇದಕ್ಕೆ ದುಡ್ಡೇ ಬೇಡ.

ಆಮೇಲೆ ರಿಲೇ, ಅಂದರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್. ಬ್ಯಾಟರಿಯಿಂದ ದಪ್ಪ ವೈರ್ ನೇರ ಲೈಟಿಗೆ, ನಡುವೆ ರಿಲೇ. ಸ್ಟೇರಿಂಗ್ ಸ್ವಿಚ್ಚಿನ ಕೆಲಸ ಇನ್ನು ಮುಂದೆ ರಿಲೇಯನ್ನು ಎಬ್ಬಿಸುವುದು ಮಾತ್ರ. ಅದಕ್ಕೆ ಚೂರು ಕರೆಂಟ್ ಸಾಕು, ಹಾಗಾಗಿ ಸ್ವಿಚ್ಚೂ ಬಾಳುತ್ತದೆ. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು ರಿಲೇ. ರಿಲೇ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯ ವೈರ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೋಲ್ಡರಿನಿಂದ ಬರುವ ಸಿಗ್ನಲ್, 85 ಅರ್ಥಿಗೆ. ವೈರ್ 2.5 ಸ್ಕ್ವೇರ್ ಎಂಎಂ ಪೂರ್ತಿ ತಾಮ್ರದ್ದು ಕೇಳಿ. ಬ್ಯಾಟರಿಯ ಪಕ್ಕದಲ್ಲೇ ಒಂದೊಂದು ರಿಲೇಗೂ 15 ಆಂಪಿಯರ್ ಫ್ಯೂಸ್ ಇರಲೇಬೇಕು, ಇದರಲ್ಲಿ ಮಾತ್ರ ರಾಜಿ ಬೇಡ. ಫ್ಯೂಸ್ ಇಲ್ಲದ ವೈರ್ ಎಲ್ಲಾದರೂ ಬಾಡಿಗೆ ತಾಗಿ ಉಜ್ಜಿದರೆ ಬೆಂಕಿ. ಸೆರಾಮಿಕ್ ಹೋಲ್ಡರ್ ಇರುವ ರೆಡಿ ಕಿಟ್ ಸಿಗುತ್ತದೆ, ಹಳೆಯ ವೈರ್ ಕತ್ತರಿಸದೆ ಹಾಕಬಹುದು.

ಇದನ್ನು ಓದಿ ಬೇರೆ ಗಾಡಿಗೆ ಮಾಡುವವರಿಗೆ ಒಂದು ಎಚ್ಚರಿಕೆ. ಕೆಲವು ಜಪಾನಿ ಗಾಡಿಗಳಲ್ಲಿ ಪ್ಲಸ್ ನೇರ ಬಲ್ಬಿಗೆ ಬಂದಿರುತ್ತದೆ, ಸ್ವಿಚ್ ಇರುವುದು ಅರ್ಥ್ ಕಡೆ. ಅಂಥ ಗಾಡಿಗೆ ಈ ವೈರಿಂಗ್ ಹೊಂದುವುದಿಲ್ಲ. ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ಬಲ್ಬ್ ಹಾಕುವಾಗ ಗಾಜಿಗೆ ಬರಿ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬ್ ಬೇಡ. ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಆ ಬಣ್ಣವೇ ಬೆಳಕನ್ನು ತಿನ್ನುತ್ತದೆ.

ರಾಣೇಬೆನ್ನೂರು ಪೇಂಟರ್

ವೈರಿಂಗ್ ಅಣ್ಣ ಎಲ್ಲಾ ಹೇಳಿದರು. ಕವರ್ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಕೆಲಸ. ಆ ಕವರ್ ಪಾಲಿಕಾರ್ಬೊನೇಟ್. ಬಿಸಿಲು ತಡೆಯಲು ಅದರ ಮೇಲೆ ತೆಳ್ಳಗೆ ಒಂದು ಕೋಟಿಂಗ್ ಇರುತ್ತದೆ. ನಮ್ಮ ಬಿಸಿಲಿಗೆ ಅದು ಹೋಗುತ್ತದೆ, ಆಮೇಲೆ ಪ್ಲಾಸ್ಟಿಕ್ ಹಳದಿ ಆಗುತ್ತದೆ. ಮೇಲ್ಭಾಗ ಜಾಸ್ತಿ ಹಳದಿ ಇದೆ ಎಂದಿರಲ್ಲ, ಬಿಸಿಲು ನೇರ ಬೀಳುವುದೇ ಅಲ್ಲಿ.

ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ವಾಟರ್ ಪೇಪರ್ 1000 ನಂಬರಿನಿಂದ ಶುರು ಮಾಡಿ, 1500, 2000, 3000 ಎಂದು ಮೇಲೆ ಹೋಗಿ. ನೀರು ಬಿಡುತ್ತಲೇ ಉಜ್ಜಬೇಕು. ಮೊದಲು ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಅದು ಬಿಳಿಯಾಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಅವಸರ ಮಾಡಿದರೆ ಗೀರು ಹಾಗೇ ಉಳಿಯುತ್ತದೆ. ಕೊನೆಗೆ ಕಾಂಪೌಂಡ್ ಹಚ್ಚಿ ಪಾಲಿಶ್. ಇಷ್ಟಕ್ಕೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಏಕೆಂದರೆ ಇದ್ದಬದ್ದ ಕೋಟಿಂಗನ್ನೂ ನೀವೇ ಉಜ್ಜಿ ತೆಗೆದಿರುತ್ತೀರಿ. ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಸಲೇಬೇಕು. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿಡಿಯೊ ಎಲ್ಲರೂ ನೋಡಿರುತ್ತಾರೆ. ಅದು ಒಂದೆರಡು ವಾರದ ಮಾತು.

ಒಳಗಿನ ರಿಫ್ಲೆಕ್ಟರ್ ನೋಡಿ. ಕನ್ನಡಿಯಂತೆ ಹೊಳೆಯಬೇಕು. ಬೂದಿ ಬಣ್ಣ ಆಗಿದ್ದರೆ ಪಾಲಿಶ್ ಮಾಡಲು ಹೋಗಬೇಡಿ, ಅದರ ಮೇಲಿನ ಅಲ್ಯೂಮಿನಿಯಂ ಪದರ ಬಟ್ಟೆಗೇ ಬಂದುಬಿಡುತ್ತದೆ. ಆಗ ಲೈಟ್ ಸೆಟ್ಟೇ ಬದಲಿಸಬೇಕು.

ಧಾರವಾಡದ ಅಕ್ಕ

ನನಗೆ ವೈರಿಂಗ್ ಗೊತ್ತಿಲ್ಲ. ನಾನು ಕಣ್ಣಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮಾಸ್ತರರಿಗೆ ಐವತ್ತು ದಾಟಿದ್ದರೆ ಲೈಟಿನ ಜೊತೆ ಕಣ್ಣನ್ನೂ ಒಮ್ಮೆ ತೋರಿಸಿ. ವಯಸ್ಸಾದಂತೆ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ. ಪೊರೆ ಬರಲು ಶುರುವಾದರೆ ಎದುರಿನ ಲೈಟ್ ಒಡೆದು ಹರಡಿದಂತೆ ಕಾಣುತ್ತದೆ, ಲಾರಿ ದಾಟಿದ ಮೇಲೆ ಕಣ್ಣು ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕಾಗುತ್ತದೆ. ರಾತ್ರಿ ಡ್ರೈವಿಂಗಿಗೆ ಎಂದು ಮಾರುವ ಹಳದಿ ಕನ್ನಡಕ ಹಾಕಬೇಡಿ, ಅದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಒಳಬದಿಗೆ ಜಿಡ್ಡಿನ ಪದರ ಕೂತಿರುತ್ತದೆ, ಹಗಲಿನಲ್ಲಿ ಗೊತ್ತೇ ಆಗುವುದಿಲ್ಲ.

ನವನಗರದ ಹುಡುಗ

ವೈರಿಂಗ್ ಅಣ್ಣ ಹೇಳಿದ್ದು ಓದಿ ನಿನ್ನೆ ರಾತ್ರಿ ಗಾಡಿಯನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿದೆ. ಲೋ ಬೀಮ್ ಹಾಕಿದರೂ ಬೆಳಕು ಗೋಡೆ ದಾಟಿ ಎದುರು ಮನೆಯ ಎರಡನೇ ಮಹಡಿಯವರೆಗೆ ಹೋಗುತ್ತಿತ್ತು. ಅಣ್ಣನ ಅದೇ ಮಾಡೆಲ್ ಗಾಡಿ ಪಕ್ಕದಲ್ಲಿ ನಿಲ್ಲಿಸಿದೆವು, ಹ್ಯಾಲೊಜೆನ್. ಅದರ ಬೆಳಕು ಸೊಂಟದ ಎತ್ತರಕ್ಕೆ ಗೆರೆ ಎಳೆದಂತೆ ನಿಂತಿತ್ತು. ಒಂದು ವರ್ಷ ಎಷ್ಟು ಜನರ ಕಣ್ಣಿಗೆ ಹೊಡೆದಿದ್ದೇನೋ ಎಂದು ಬೇಸರವಾಯಿತು. ಹಳೆಯ ಬಲ್ಬ್ ಡಬ್ಬಿಯಲ್ಲೇ ಇದ್ದವು, ಬೆಳಿಗ್ಗೆ ವಾಪಸ್ ಹಾಕಿದೆ.

ವೈರಿಂಗ್ ಕೆಲಸದವ, ಹುಬ್ಬಳ್ಳಿ

ಒಳ್ಳೆಯ ಕೆಲಸ ಮಾಡಿದೆ ತಮ್ಮಾ.

ಮಾಸ್ತರ್, ಕೆಲಸ ಮುಗಿದ ಮೇಲೆ ನೀವೂ ಗೋಡೆಯ ಎದುರು ಗಾಡಿ ನಿಲ್ಲಿಸಬೇಕು. ಸಮತಟ್ಟು ಜಾಗ, ಗಾಲಿಗಳಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ಗೋಡೆಗೆ ತೀರಾ ಹತ್ತಿರ ನಿಲ್ಲಿಸಿ ಬಲ್ಬಿನ ಎತ್ತರಕ್ಕೆ ಸುಣ್ಣದ ಗುರುತು ಹಾಕಿ. ನಂತರ 5 ಮೀಟರ್ ಹಿಂದೆ ತನ್ನಿ. ಲೋ ಬೀಮಿನ ಮೇಲಿನ ಗೆರೆ ಆ ಗುರುತಿಗಿಂತ 5 ಸೆಂಟಿಮೀಟರ್ ಕೆಳಗೆ ಇರಬೇಕು. ಎಡಗಡೆ ಗೆರೆ ಮೇಲಕ್ಕೆ ಏರಿದಂತೆ ಕಾಣುತ್ತದೆ, ಅದು ಸರಿ. ನಾವು ಎಡಕ್ಕೆ ಓಡಿಸುವವರು, ರಸ್ತೆಯ ಅಂಚು ದೂರದವರೆಗೆ ಕಾಣಲಿ ಎಂದೇ ಹಾಗೆ ಮಾಡಿರುತ್ತಾರೆ. ನೀವು ಹಿಂದೆ ಜನ, ವಾದ್ಯ ತುಂಬಿಕೊಂಡು ಹೋಗುತ್ತೀರಿ, ಆಗ ಮೂತಿ ಮೇಲೆ ಏಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಏರಿಳಿಸುವ ನಾಬ್ ಇದ್ದರೆ ಒಂದೆರಡು ನಂಬರ್ ಇಳಿಸಿ.

ಲೈಟ್ ಎಷ್ಟೇ ಸರಿ ಆದರೂ ಸ್ಪೀಡ್ ಲೆಕ್ಕ ಇರಲಿ. 80ರಲ್ಲಿ ಹೋಗುವ ಗಾಡಿ ಬ್ರೇಕ್ ಒತ್ತುವ ಮೊದಲೇ 30 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು 70 ಮೀಟರ್ ಬೇಕು. 60ರಲ್ಲಾದರೆ 45 ಮೀಟರಿಗೆ ನಿಲ್ಲುತ್ತದೆ. ಲೈಟಿಲ್ಲದ ಟ್ರೇಲರನ್ನು ಲೋ ಬೀಮಿನಲ್ಲಿ 70 ಮೀಟರ್ ದೂರದಿಂದ ನೋಡುವುದು ಹೊಸ ಗಾಡಿಯಲ್ಲೂ ಕಷ್ಟ.

ತಬಲಾ ಮಾಸ್ತರ್, ಗದಗ

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ, ಎಲ್ಲಾ ಕೆಲಸ ಮುಗಿಸಿಯೇ ಹೇಳೋಣ ಎಂದುಕೊಂಡೆ.

ಎಡಗಡೆ ಅರ್ಥ್ ನಟ್ಟು ಕೆಸರಿನೊಳಗೆ ಮುಚ್ಚಿಹೋಗಿತ್ತು. ಬಿಚ್ಚಿದಾಗ ಥಿಂಬಲ್ ಕೈಯಲ್ಲೇ ಪುಡಿಯಾಯಿತು, ಹಸಿರು ಕಿಲುಬು. ಹೊಸದು ಹಾಕಿದ ಮೇಲೆ ಅಲ್ಲಿ 1.3 ಇದ್ದದ್ದು 0.1ಕ್ಕೆ ಬಂತು. ಅಷ್ಟಕ್ಕೇ ಎರಡೂ ಲೈಟ್ ಹೆಚ್ಚುಕಡಿಮೆ ಒಂದೇ ಬಣ್ಣ ಆದವು. ರಿಲೇ ಕಿಟ್ ಹುಬ್ಬಳ್ಳಿಯಿಂದ ತರಿಸಿದೆ. ಇಲ್ಲಿಯ ಒಬ್ಬ ಇಲೆಕ್ಟ್ರೀಷಿಯನ್ ಹತ್ತಿರ ಹಾಕಿಸಿದೆ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇದೆ, ನಿಂತು ನೋಡಿದೆ. ಈಗ ಎರಡೂ ಬಲ್ಬಿನಲ್ಲಿ 13.5 ಬರುತ್ತದೆ. ಕವರ್ ನಾನೂ ಶಿಷ್ಯನೂ ಒಂದು ಭಾನುವಾರ ಪೂರ್ತಿ ಕೂತು ಉಜ್ಜಿದೆವು. ಹಳದಿ ನೀರು ಬಿಳಿಯಾಗುವವರೆಗೆ ಕಾದೆವು. ಕ್ಲಿಯರ್ ಕೋಟ್ ಪೇಂಟರ್ ಹತ್ತಿರ ಹೊಡೆಸಿದೆ. ಎಲ್ಲಾ ಸೇರಿ 1,950 ರೂಪಾಯಿ ಆಯಿತು, ಎಲ್‌ಇಡಿಗಿಂತ ಕಡಿಮೆ.

ಅಕ್ಕನವರು ಹೇಳಿದಂತೆ ಕಣ್ಣೂ ತೋರಿಸಿದೆ. ಪೊರೆ ಇಲ್ಲ. ಕನ್ನಡಕದ ನಂಬರ್ ಬದಲಾಗಿತ್ತು, ಹೊಸದು ಮಾಡಿಸಿದೆ.

ನಿನ್ನೆ ರಾತ್ರಿ ಅಣ್ಣಿಗೇರಿಯಲ್ಲಿ ಕಾರ್ಯಕ್ರಮ ಇತ್ತು. ಹಾರ್ಮೋನಿಯಂ ಹಿರಿಯರನ್ನೂ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಹುಲಕೋಟಿ ಹತ್ತಿರ ಎಡ ಅಂಚಿನಲ್ಲಿ ಒಂದು ಚಕ್ಕಡಿ ಹೋಗುತ್ತಿತ್ತು. ಲೈಟ್ ಇಲ್ಲ. ದೂರದಿಂದಲೇ ಎತ್ತಿನ ಕಾಲು ಎದ್ದು ಬೀಳುವುದು ಕಂಡಿತು. ನನ್ನ ಗಾಡಿ 55ರಲ್ಲಿತ್ತು. ಆರಾಮಾಗಿ ನಿಧಾನ ಮಾಡಿ, ಇಂಡಿಕೇಟರ್ ಹಾಕಿ ದಾಟಿದೆ. ಹಿರಿಯರು ತಿರುಗಿ ಚಕ್ಕಡಿಯನ್ನು ನೋಡಿದರು. ಆಮೇಲೆ ಗದಗ ಬರುವವರೆಗೂ ಆವತ್ತು ಹಾಡಿದ ಬಾಗೇಶ್ರೀ ಬಗ್ಗೆಯೇ ಮಾತಾಡಿದರು.

ವೈರಿಂಗ್ ಅಣ್ಣಾವ್ರೇ, ಹುಬ್ಬಳ್ಳಿಗೆ ಬಂದಾಗ ನಿಮ್ಮ ಅಂಗಡಿಗೆ ಬರುತ್ತೇನೆ. ಆ ಚಕ್ಕಡಿಯ ರೈತನಿಗೆ ಕೊಡಲು ಗಾಡಿಯಲ್ಲಿ ರೇಡಿಯಂ ಪಟ್ಟಿ ಇರಲಿಲ್ಲ. ಒಳ್ಳೆಯದು ಎಲ್ಲಿ ಸಿಗುತ್ತದೆ ಹೇಳಿ, ಒಂದು ಸುರುಳಿ ತೆಗೆದುಕೊಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತೇನೆ.